ಹತ್ತು ದಿನ ಪುಕ್ಕಟೆ, ಹತ್ತು ತಿಂಗಳಿಗೆ ಅರ್ಜಿ

ಅಮೆರಿಕದ ಯಹೂದಿ ಕುಟುಂಬವೊಂದರ ಇಪ್ಪತ್ತೆರಡು ವರ್ಷದ ಹುಡುಗಿ ಹತ್ತು ದಿನ ಇಸ್ರೇಲ್ ಸುತ್ತಿ ಬರುತ್ತೇನೆ ಎಂದರೆ ವಿಮಾನದ ಟಿಕೆಟ್ಟು, ಹೋಟೆಲ್ಲು, ಬಸ್ಸು, ಜೊತೆಗೆ ಬರುವ ಗೈಡು, ಬಹುಪಾಲು ಊಟ ಎಲ್ಲವೂ ಪುಕ್ಕಟೆ. ಮೊದಲಿಗೆ ಒಂದಿಷ್ಟು ಠೇವಣಿ ಇಡಬೇಕು, ಪ್ರವಾಸ ಮುಗಿದ ಮೇಲೆ ಅದೂ ವಾಪಸು ಬರುತ್ತದೆ. ಅದೇ ಹುಡುಗಿ, ‘ಹತ್ತು ತಿಂಗಳು ಹೊರದೇಶದಲ್ಲಿದ್ದು ಶಾಲೆಯಲ್ಲಿ ಪಾಠ ಹೇಳುತ್ತೇನೆ, ವಯಸ್ಸಾದವರ ಮನೆಯಲ್ಲಿ ಕೆಲಸ ಮಾಡುತ್ತೇನೆ’ ಎಂದು ಹೊರಟರೆ ಅವಳ ಕೈಗೆ ಬರುವುದು ಅರ್ಜಿ ನಮೂನೆ. ಶುಲ್ಕ ಎಷ್ಟು, ಅದರಲ್ಲಿ ರಿಯಾಯಿತಿ ಎಷ್ಟು, ಉಳಿದದ್ದನ್ನು ಎಲ್ಲಿಂದ ತರುತ್ತೀಯ, ಅಪ್ಪ–ಅಮ್ಮನ ತೆರಿಗೆ ಕಾಗದ ಎಲ್ಲಿ, ನಿನ್ನನ್ನು ಬಲ್ಲ ರಬ್ಬಿಯ ಪತ್ರ ಎಲ್ಲಿ. ಸುಮ್ಮನೆ ನೋಡಿ ಬರುವವಳಿಗೆ ಎಲ್ಲ ಖರ್ಚು ಸಿಗುತ್ತದೆ. ದುಡಿಯಲು ಹೋಗುವವಳು ಕೈ ಚಾಚಬೇಕು. ಯಹೂದಿ ಯುವಜನರ ಸೇವಾ ಕಾರ್ಯಕ್ರಮಗಳ ಹಣಕಾಸಿನ ಕಥೆಯಲ್ಲಿ ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿಲ್ಲ. ವಿಚಿತ್ರವೆಂದು ಯಾರಿಗೂ ಅನಿಸದೇ ಇರುವುದು ಇನ್ನೂ ವಿಚಿತ್ರ.

ಪುಕ್ಕಟೆ ಪ್ರವಾಸದ ಹೆಸರು ‘ಬರ್ತ್‌ರೈಟ್ ಇಸ್ರೇಲ್’. ಜನ್ಮಸಿದ್ಧ ಹಕ್ಕು ಎಂದು ಅರ್ಥ. ಇಸ್ರೇಲಿನ ರಾಜಕಾರಣಿ ಯೊಸ್ಸಿ ಬೇಲಿನ್ ಅವರ ಕಲ್ಪನೆಯನ್ನು ಉತ್ತರ ಅಮೆರಿಕದ ಧನಿಕರಾದ ಚಾರ್ಲ್ಸ್ ಬ್ರಾನ್ಫ್‌ಮನ್ ಮತ್ತು ಮೈಕೆಲ್ ಸ್ಟೈನ್‌ಹಾರ್ಟ್ ಕೈಗೆತ್ತಿಕೊಂಡರು. 1999ರ ಕೊನೆಯಲ್ಲಿ ಮೊದಲ ತಂಡ ಹೋಯಿತು. ಇಸ್ರೇಲ್ ಸರ್ಕಾರ, ಯಹೂದಿ ಸಂಸ್ಥೆಗಳು, ದಾನಿಗಳು ಮೂರೂ ಕಡೆಯವರು ಸೇರಿ ಹಣ ಹಾಕುತ್ತಾರೆ. ಈವರೆಗೆ 8 ಲಕ್ಷಕ್ಕೂ ಹೆಚ್ಚು ಯುವಕ ಯುವತಿಯರು ಹೋಗಿ ಬಂದಿದ್ದಾರೆ. ಇಷ್ಟು ಜನರನ್ನು ಒಂದು ಡಾಲರೂ ಕೇಳದೆ ಖಂಡ ದಾಟಿಸಬಲ್ಲ ಸಮುದಾಯಕ್ಕೆ ಹಣವಿಲ್ಲ ಎನ್ನುವ ಮಾತು ಹೊಂದುವುದಿಲ್ಲ. ಹಣ ಇದೆ. ಅದು ಯಾವುದಕ್ಕೆ ಇದೆ ಎಂಬುದೇ ಜಗಳ.

ಅದರ ಹಿಂದೆ ಒಂದು ಭಯ ಇದೆ. 1990ರಲ್ಲಿ ಅಮೆರಿಕದ ಯಹೂದಿಗಳ ನಡುವೆ ನಡೆದ ರಾಷ್ಟ್ರೀಯ ಸಮೀಕ್ಷೆ, ಇತ್ತೀಚೆಗೆ ಮದುವೆಯಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಯಹೂದಿಯರಲ್ಲದವರನ್ನು ಮದುವೆಯಾಗಿದ್ದಾರೆ ಎಂದು ಹೇಳಿತು. 52 ಪ್ರತಿಶತ ಎಂಬ ಆ ಅಂಕಿಯನ್ನು ಸಮಾಜಶಾಸ್ತ್ರಜ್ಞರು ಆಮೇಲೆ ಪ್ರಶ್ನಿಸಿದರು. ಆದರೆ ಭಯಕ್ಕೆ ತಿದ್ದುಪಡಿ ಯಾರಿಗೆ ಬೇಕು? ‘ನಮ್ಮ ಮೊಮ್ಮಕ್ಕಳು ಯಹೂದಿಗಳಾಗಿ ಉಳಿಯುತ್ತಾರೆಯೇ’ ಎಂಬ ಪ್ರಶ್ನೆ ಸಿನಗಾಗ್‌ಗಳಿಂದ ದಾನಿಗಳ ಕೋಣೆಗಳ ತನಕ ಓಡಾಡಿತು. ಬರ್ತ್‌ರೈಟ್ ಹುಟ್ಟಿದ್ದು ಆ ಪ್ರಶ್ನೆಗೆ ಉತ್ತರವಾಗಿ. ಮುಂದೆ 2004ರಲ್ಲಿ ಇಸ್ರೇಲ್ ಸರ್ಕಾರ ಮತ್ತು ಯಹೂದಿ ಏಜೆನ್ಸಿ ಜೊತೆಗೂಡಿ ‘ಮಾಸಾ’ ಎಂಬ ಸಂಸ್ಥೆ ಕಟ್ಟಿದವು. ತಿಂಗಳುಗಟ್ಟಲೆ ಇಸ್ರೇಲಿನಲ್ಲಿದ್ದು ಓದುವ, ಕೆಲಸ ಕಲಿಯುವ, ಸೇವೆ ಮಾಡುವ ಕಾರ್ಯಕ್ರಮಗಳಿಗೆ ಅದು ಅನುದಾನ ಕೊಡುತ್ತದೆ. ಅಗತ್ಯ ನೋಡಿ ಹೆಚ್ಚುವರಿ ವಿದ್ಯಾರ್ಥಿವೇತನವನ್ನೂ ಕೊಡುತ್ತದೆ. ವಿದೇಶದಲ್ಲಿ ಸೇವೆ ಮಾಡಬಯಸುವ ಯಹೂದಿ ಹುಡುಗ ಹುಡುಗಿಯರಿಗೆ ಇದಕ್ಕಿಂತ ದೊಡ್ಡ ಬಾಗಿಲು ಇಲ್ಲ. ಆ ಬಾಗಿಲು ತೆರೆಯುವುದು ಒಂದೇ ದೇಶದ ಕಡೆಗೆ.

ಇದರಲ್ಲಿ ಗುಟ್ಟೇನೂ ಇಲ್ಲ. ದಾನಿಗಳು ಬಾಯಿಬಿಟ್ಟೇ ಹೇಳುತ್ತಾರೆ: ನಮಗೆ ಬೇಕಾದದ್ದು ಗುರುತು, ಮುಂದಿನ ಪೀಳಿಗೆ, ಇಸ್ರೇಲಿನ ನಂಟು. ಅವರ ಹಣ, ಅವರ ಇಷ್ಟ. ಆದರೆ ಅದಕ್ಕೆ ‘ಸೇವೆ’ ಎಂಬ ಹೆಸರಿಟ್ಟ ಮೇಲೆ ಲೆಕ್ಕ ಕೇಳುವ ಹಕ್ಕು ಬೇರೆಯವರಿಗೂ ಬರುತ್ತದೆ. ಲೆಕ್ಕ ಸುಲಭ. ಹಣ ಕೊಡುವವನ ಉದ್ದೇಶಕ್ಕೆ ಹತ್ತಿರ ಹೋದಷ್ಟೂ ಖರ್ಚು ಕಡಿಮೆಯಾಗುತ್ತದೆ, ಕೆಲಸ ಬೇಕಾದವರ ಹತ್ತಿರ ಹೋದಷ್ಟೂ ಹೆಚ್ಚಾಗುತ್ತದೆ. ಇಸ್ರೇಲ್ ಸರ್ಕಾರದ ನೀತಿಯನ್ನು ಒಪ್ಪದ, ಆದರೆ ಯಹೂದಿಯಾಗಿಯೇ ಎಲ್ಲಾದರೂ ದುಡಿಯಬೇಕು ಎನ್ನುವ ಯುವಕ ಯುವತಿಯರೂ ಇದ್ದಾರೆ. ಅವರಿಗೆ ಕಾಣುವ ಬಾಗಿಲುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

ಹಣ ಹುಡುಕುವುದು ಎಂದರೆ ಏನು ಎಂಬುದನ್ನು ನೋಡಲು ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳೋಣ. ಓಹಾಯೊದ ಒಂದು ಸಣ್ಣ ಊರು. ತಾಯಿ ಒಬ್ಬಳೇ ದುಡಿಯುವ ಮನೆ. ಮೇ ತಿಂಗಳಲ್ಲಿ ಪದವಿ ಮುಗಿದಿದೆ. ತಲೆಯ ಮೇಲೆ ಶಿಕ್ಷಣದ ಸಾಲ ಇದೆ. ಅಮೆರಿಕದ ಸರ್ಕಾರಿ ಶಿಕ್ಷಣ ಸಾಲಕ್ಕೆ ಪದವಿಯ ನಂತರ ಸಾಮಾನ್ಯವಾಗಿ 6 ತಿಂಗಳ ಬಿಡುವು. ಅಂದರೆ ನವೆಂಬರ್ ಹೊತ್ತಿಗೆ ಕಂತು ಶುರು. ಕೆಲಸವಿಲ್ಲದವರು ಆದಾಯಕ್ಕೆ ತಕ್ಕ ಕಂತು ಮಾಡಿಕೊಡಿ ಎಂದು ಕೇಳಬಹುದು, ಅದಕ್ಕೆ ಇನ್ನೊಂದು ಅರ್ಜಿ. ಖಾಸಗಿ ಬ್ಯಾಂಕಿನ ಸಾಲವಾಗಿದ್ದರೆ ಆ ಭರವಸೆಯೂ ಇಲ್ಲ. ಕಾಲೇಜಿನಲ್ಲಿ ಓದಲು ಸಿಗುತ್ತಿದ್ದ ಸರ್ಕಾರಿ ನೆರವು ಪದವಿಗೆ ಸಂಬಂಧವಿಲ್ಲದ ಸ್ವಯಂಸೇವೆಗೆ ಸಿಗುವುದಿಲ್ಲ. ದೇಶದೊಳಗೆ ‘ಅಮೆರಿಕೋರ್’ ಸೇರಿ ಸೇವೆ ಮಾಡಿದವರಿಗೆ ಕೊನೆಯಲ್ಲಿ ಶಿಕ್ಷಣಕ್ಕೆಂದು ಒಂದು ಮೊತ್ತ ಸಿಗುತ್ತದೆ, ಹೊರದೇಶದ ಸಂಸ್ಥೆಯೊಂದರ ಸೇವೆಗೆ ಅದು ಬರುವುದಿಲ್ಲ.

ಹಾಗಾಗಿ ಅವಳು ಸಮುದಾಯದ ಕಡೆ ತಿರುಗುತ್ತಾಳೆ. ದೊಡ್ಡ ನಗರಗಳಲ್ಲಿ ಯಹೂದಿ ಫೆಡರೇಶನ್‌ಗಳಿವೆ. ಇವು ಊರಿನ ಯಹೂದಿಗಳಿಂದ ವಂತಿಗೆ ಎತ್ತಿ ಹಂಚುವ ಒಕ್ಕೂಟಗಳು. ಹಲವು ಫೆಡರೇಶನ್‌ಗಳು ಯುವಜನರ ಪ್ರಯಾಣಕ್ಕೆ ನೆರವು ಕೊಡುತ್ತವೆ, ಆದರೆ ತಮ್ಮ ವ್ಯಾಪ್ತಿಯಲ್ಲಿ ವಾಸಿಸುವವರಿಗೆ. ನ್ಯೂಯಾರ್ಕಿನಲ್ಲೋ ಶಿಕಾಗೊದಲ್ಲೋ ಹುಟ್ಟಿದ್ದರೆ ಒಂದು ಲೆಕ್ಕ, ಯಹೂದಿ ಮನೆಗಳು ನಾಲ್ಕೇ ಇರುವ ಊರಿನಲ್ಲಿ ಹುಟ್ಟಿದ್ದರೆ ಇನ್ನೊಂದು. ಕಾಲೇಜಿನಲ್ಲಿದ್ದಾಗ ‘ಹಿಲೆಲ್’ ಎಂಬ ವಿದ್ಯಾರ್ಥಿ ಸಂಘಟನೆಯವರು ದಾರಿ ತೋರಿಸುತ್ತಿದ್ದರು. ಪದವಿ ಮುಗಿದ ಮೇಲೆ ಅವಳು ಅವರ ಪಟ್ಟಿಯಲ್ಲಿಲ್ಲ. ಬಡ್ಡಿಯಿಲ್ಲದೆ ಸಾಲ ಕೊಡುವ ಹೀಬ್ರೂ ಫ್ರೀ ಲೋನ್ ಸಂಘಗಳಿವೆ. ನ್ಯೂಯಾರ್ಕಿನ ಸಂಘ 1892ರಷ್ಟು ಹಳೆಯದು. ತುಂಬ ಒಳ್ಳೆಯ ವ್ಯವಸ್ಥೆ, ಆದರೆ ಜಾಮೀನು ಹಾಕುವವರು ಬೇಕು. ಸಾಲ ತೀರಿಸುವ ಸ್ಥಿತಿಯಲ್ಲಿರುವ, ಸಹಿ ಹಾಕಲು ಒಪ್ಪುವ ನೆಂಟರು ಇದ್ದವರಿಗೆ ಸಿಗುತ್ತದೆ.

ಎಲ್ಲದಕ್ಕಿಂತ ಹೆಚ್ಚು ಚುಚ್ಚುವುದು ಪತ್ರ. ಯಹೂದಿಯೆಂದು ತೋರಿಸಲು, ಸಮುದಾಯದಲ್ಲಿ ‘ತೊಡಗಿಸಿಕೊಂಡಿದ್ದಾಳೆ’ ಎಂದು ತೋರಿಸಲು ರಬ್ಬಿಯದೋ ಸಮುದಾಯದ ಮುಖಂಡರದೋ ಪತ್ರ ಕೇಳುವುದು ಸಾಮಾನ್ಯ. ಅಮೆರಿಕದ ಬಹುಪಾಲು ಸಿನಗಾಗ್‌ಗಳು ನಡೆಯುವುದು ವಾರ್ಷಿಕ ಸದಸ್ಯತ್ವದ ಹಣದ ಮೇಲೆ, ಆ ಹಣ ಸಣ್ಣದಲ್ಲ. ಕಷ್ಟವಿದೆ ಎಂದರೆ ಕಡಿಮೆ ಮಾಡಿಕೊಡುತ್ತಾರೆ. ಆದರೆ ‘ಕಷ್ಟವಿದೆ’ ಎಂದು ಹೇಳಬೇಕಲ್ಲ! ಹೇಳಲಾರದ ಮನೆಗಳು ಸದ್ದಿಲ್ಲದೆ ದೂರ ಸರಿದಿರುತ್ತವೆ. ಹತ್ತು ವರ್ಷದ ನಂತರ ಆ ಮನೆಯ ಮಗಳಿಗೆ ಪತ್ರ ಬರೆದುಕೊಡಲು ಅವಳನ್ನು ಬಲ್ಲ ರಬ್ಬಿ ಯಾರೂ ಇರುವುದಿಲ್ಲ. ಜಾತಿ ಸಂಘದ ವಿದ್ಯಾರ್ಥಿವೇತನದ ಅರ್ಜಿಗೆ ಪದಾಧಿಕಾರಿಯ ಸಹಿ ಹುಡುಕಿಕೊಂಡು ಊರೂರು ಅಲೆದ ಕನ್ನಡದ ವಿದ್ಯಾರ್ಥಿಗೆ ಇದನ್ನು ವಿವರಿಸಬೇಕಿಲ್ಲ. ಬಡವರಿಗೆಂದು ಇಟ್ಟ ಹಣದ ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ಉಳ್ಳವರ ಪರಿಚಯದವರ ಹತ್ತಿರ ಕೊಡುವುದು ಯಾವ ಒಂದು ಸಮುದಾಯದ ಸ್ವತ್ತೂ ಅಲ್ಲ.

ಕೊನೆಗೆ ಉಳಿಯುವುದು ಆನ್‌ಲೈನ್ ವಂತಿಗೆ. ಫೋಟೊ ಹಾಕಿ, ನಗುಮುಖದಲ್ಲಿ ಕಷ್ಟ ಬರೆದು, ಚಿಕ್ಕಪ್ಪನ ಗೆಳೆಯರಿಗೆಲ್ಲ ಕೊಂಡಿ ಕಳಿಸುವುದು. ವ್ಯಕ್ತಿಗೆ ನೇರವಾಗಿ ಕೊಟ್ಟ ಆ ಹಣಕ್ಕೆ ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಇಲ್ಲ, ಆದ್ದರಿಂದ ದೊಡ್ಡ ಕೈಗಳು ಆ ಕಡೆ ಬರುವುದಿಲ್ಲ. ಶ್ರೀಮಂತ ಗೆಳೆಯರಿದ್ದವರ ಕೊಡ ಒಂದು ವಾರದಲ್ಲಿ ತುಂಬುತ್ತದೆ. ತಾಯಿಯ ಸಹೋದ್ಯೋಗಿಗಳು ಹತ್ತತ್ತು ಡಾಲರ್ ಹಾಕಿದ ಕೊಡ ತುಂಬುವುದಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ‘ಯಹೂದಿಗಳಿಗೆ ಹಣದ ಕೊರತೆಯೇ’ ಎಂಬ ನಗು ಭಾರತದ ಓದುಗರಲ್ಲೂ ಇದೆ. ಆ ನಗು ಯುರೋಪಿನ ಹಳೆಯ ವಿಷದಿಂದ ಬಂದದ್ದು. 2020ರಲ್ಲಿ ಪ್ಯೂ ಸಂಶೋಧನಾ ಕೇಂದ್ರ ಅಮೆರಿಕದ ಯಹೂದಿಗಳ ನಡುವೆ ನಡೆಸಿದ ಸಮೀಕ್ಷೆಯಲ್ಲಿ ಸುಮಾರು ಅರ್ಧದಷ್ಟು ಜನರ ಮನೆಯ ವಾರ್ಷಿಕ ಆದಾಯ 1 ಲಕ್ಷ ಡಾಲರ್ ಅಥವಾ ಹೆಚ್ಚು ಇತ್ತು, ನಿಜ. ಅದೇ ಸಮೀಕ್ಷೆಯಲ್ಲಿ ಸುಮಾರು ಕಾಲುಭಾಗ ಜನ, ಹಿಂದಿನ ಒಂದು ವರ್ಷದಲ್ಲಿ ಆಸ್ಪತ್ರೆಯದೋ ಬಾಡಿಗೆಯದೋ ಊಟದ್ದೋ ಇನ್ನಾವುದೋ ಬಿಲ್ಲು ಕಟ್ಟಲು ಒದ್ದಾಡಿದ್ದೇವೆ ಎಂದರು. ಈ ಕಾಲುಭಾಗದ ಮನೆಗಳ ಮಕ್ಕಳೇ ಅರ್ಜಿ ತುಂಬುವವರು. ಸಮುದಾಯ ತನ್ನ ಬಡವರನ್ನು ನೋಡದಿರಲು ಆ ಹಳೆಯ ನಗುವೂ ಒಂದು ಕಾರಣ. ಎಲ್ಲರೂ ಉಳ್ಳವರೇ ಎಂದು ಹೊರಗಿನವರು ನಂಬಿದರು, ಒಳಗಿನವರೂ ಸ್ವಲ್ಪ ನಂಬಿಬಿಟ್ಟರು.

ಇದನ್ನೆಲ್ಲ ಹೊರಗಿನ ನೀತಿಯಿಂದ ಅಳೆಯಬೇಕಿಲ್ಲ, ಯಹೂದಿ ಪರಂಪರೆಯೇ ಅಳತೆಗೋಲು ಕೊಟ್ಟಿದೆ. ಹೀಬ್ರೂವಿನಲ್ಲಿ ದಾನಕ್ಕೆ ಬಳಸುವ ಪದ ‘ತ್ಸೆದಾಕಾ’. ಅದರ ಧಾತುವಿನ ಅರ್ಥ ನ್ಯಾಯ. ಅಂದರೆ ಕೊಡುವುದು ದೊಡ್ಡಗುಣವಲ್ಲ, ಸಲ್ಲಬೇಕಾದದ್ದನ್ನು ಸಲ್ಲಿಸುವುದು. 12ನೇ ಶತಮಾನದ ಮೈಮೊನಿಡಿಸ್ ತನ್ನ ಧರ್ಮಸಂಹಿತೆಯಲ್ಲಿ ಇದಕ್ಕೆ ಎಂಟು ಮೆಟ್ಟಿಲು ಹೇಳಿದ್ದಾನೆ. ಎಲ್ಲಕ್ಕಿಂತ ಕೆಳಗೆ ಮುಖ ಸಿಂಡರಿಸಿ ಕೊಡುವುದು. ಕೇಳಿದ ಮೇಲೆ ಕೊಡುವುದಕ್ಕಿಂತ ಕೇಳುವ ಮೊದಲೇ ಕೊಡುವುದು ಮೇಲು. ಮೇಲಿನಿಂದ ಎರಡನೆಯದು ಕೊಟ್ಟವನಿಗೆ ಪಡೆದವನಾರೆಂದೂ ಪಡೆದವನಿಗೆ ಕೊಟ್ಟವನಾರೆಂದೂ ತಿಳಿಯದಿರುವುದು. ತುದಿಯಲ್ಲಿ ಸಾಲವನ್ನೋ ಪಾಲುದಾರಿಕೆಯನ್ನೋ ಕೆಲಸವನ್ನೋ ಕೊಟ್ಟು ಇನ್ನೊಬ್ಬರ ಮುಂದೆ ಕೈಚಾಚದಂತೆ ನಿಲ್ಲಿಸುವುದು. ಅದಕ್ಕೂ ಹಿಂದೆ, ಜೆರುಸಲೇಮಿನ ದೇವಾಲಯದಲ್ಲಿ ‘ಗುಟ್ಟಿನ ಕೋಣೆ’ ಒಂದಿತ್ತು ಎಂದು ಮಿಶ್ನಾ ಹೇಳುತ್ತದೆ. ಕೊಡುವವರು ಗುಟ್ಟಾಗಿ ಇಟ್ಟು ಹೋಗುತ್ತಿದ್ದರು, ಒಳ್ಳೆಯ ಮನೆತನದ ಬಡವರು ಗುಟ್ಟಾಗಿ ಪಡೆಯುತ್ತಿದ್ದರು.

ಈಗಿನ ವಿದ್ಯಾರ್ಥಿವೇತನದ ಅರ್ಜಿಯನ್ನು ಈ ಮೆಟ್ಟಿಲಿನ ಮೇಲೆ ಇಟ್ಟು ನೋಡಿದರೆ ಎಲ್ಲಿ ನಿಲ್ಲುತ್ತದೆ? ಕೇಳಬೇಕು. ಮತ್ತೆ ಮತ್ತೆ ಕೇಳಬೇಕು. ಯಾಕೆ ಕೇಳುತ್ತಿದ್ದೇನೆ ಎಂದು ಐನೂರು ಪದಗಳಲ್ಲಿ ಬರೆಯಬೇಕು. ಸಿಕ್ಕ ಮೇಲೆ ದಾನಿಗೆ ಕೃತಜ್ಞತಾ ಪತ್ರ, ಮರಳಿದ ಮೇಲೆ ದಾನಿಗಳ ಔತಣಕೂಟದಲ್ಲಿ ನಿಂತು ಮಾತು. ಆರನೆಯ ಮೆಟ್ಟಿಲೂ ಕಷ್ಟ. ಬರ್ತ್‌ರೈಟ್‌ನ ಕಥೆ ಬೇರೆ: ಅಲ್ಲಿ ಯಾರ ಆದಾಯವನ್ನೂ ಯಾರೂ ಕೇಳುವುದಿಲ್ಲ, ಕೋಟ್ಯಧೀಶನ ಮಗನಿಗೂ ಗುಮಾಸ್ತೆಯ ಮಗಳಿಗೂ ಒಂದೇ ಬಸ್ಸು. ಬಡವರ ಮಾನ ಕಾಯುವ ವಿಧಾನ ಈ ಸಮುದಾಯಕ್ಕೆ ಚೆನ್ನಾಗಿ ಗೊತ್ತು ಎಂಬುದಕ್ಕೆ ಸಾಕ್ಷಿ ಅದೇ. ಗೊತ್ತಿದ್ದೂ ಅದನ್ನು ಪ್ರವಾಸಕ್ಕೆ ಮಾತ್ರ ಮೀಸಲಿಟ್ಟಿದೆ.

ಭಾಷೆಯೂ ಇಲ್ಲಿ ಏನನ್ನೋ ಹೇಳುತ್ತದೆ. ಹೀಬ್ರೂವಿನಲ್ಲಿ ಸ್ವಯಂಸೇವಕನಿಗೆ ‘ಮಿತ್ನದೇವ್’. ಅದೇ ಧಾತುವಿನಿಂದ ಉದಾರಿ ದಾನಿಗೆ ‘ನದ್ವಾನ್’, ಭಿಕ್ಷೆಗೆ ‘ನೆದಾವಾ’. ದುಡಿಯುವವನು, ಕೊಡುವವನು, ಬೇಡಿದವನ ತಟ್ಟೆಗೆ ಬಿದ್ದದ್ದು ಮೂರೂ ಒಂದೇ ಬೇರಿನವು. ತನ್ನ ಸಮಯ ಕೊಡುವವಳೂ ದಾನಿಯೇ ಎಂಬ ಅರ್ಥ ಆ ಬೇರಿನಲ್ಲಿ ಇದೆ. ಸಂಸ್ಥೆಗಳು ಅವಳನ್ನು ಮೂರನೆಯ ಪದದ ಕಡೆ ತಳ್ಳಿವೆ. ಕನ್ನಡ ಈ ವಿಷಯದಲ್ಲಿ ಜಾಣತನ ತೋರಿದೆ. ‘ವಿದ್ಯಾರ್ಥಿವೇತನ’ ಎಂದು ಯಾರು ಮೊದಲು ಅಂದರೋ, ಅದನ್ನು ವೇತನ ಅಂದರು, ದಾನ ಅನ್ನಲಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ: ಸ್ವಂತ ಹಣ ಹಾಕಿದರೆ ತಾನೆ ಶ್ರದ್ಧೆ, ಪುಕ್ಕಟೆ ಸಿಕ್ಕರೆ ಬೆಲೆ ಇರುವುದಿಲ್ಲ. ಹಾಗಾದರೆ ಆ ಹತ್ತು ದಿನಕ್ಕೂ ದುಡ್ಡು ತೆಗೆದುಕೊಳ್ಳಬೇಕಿತ್ತು. ಈ ಮಾತನ್ನು ಬರ್ತ್‌ರೈಟ್‌ನ ದಾನಿಗಳ ಮುಂದೆ ಯಾರೂ ಎತ್ತುವುದಿಲ್ಲ. ಅಮೆರಿಕ ಸರ್ಕಾರದ ಪೀಸ್ ಕೋರ್ 1961ರಿಂದ ಸ್ವಯಂಸೇವಕರ ಪ್ರಯಾಣ, ವಸತಿ, ವೈದ್ಯಕೀಯ ವೆಚ್ಚ, ತಿಂಗಳ ಖರ್ಚು ಎಲ್ಲವನ್ನೂ ನೋಡಿಕೊಳ್ಳುತ್ತದೆ. ಎರಡು ವರ್ಷ ಮುಗಿಸಿ ಬಂದವರಿಗೆ ಮತ್ತೆ ಬದುಕು ಕಟ್ಟಿಕೊಳ್ಳಲು 10 ಸಾವಿರ ಡಾಲರ್‌ಗೂ ಹೆಚ್ಚು ಕೊಡುತ್ತದೆ. ಅರವತ್ತರ ದಶಕದಲ್ಲಿ ಮೈಸೂರು ರಾಜ್ಯಕ್ಕೂ ಆ ಸ್ವಯಂಸೇವಕರು ಬಂದಿದ್ದರು. ಹಣ ಪಡೆದಿದ್ದಾರೆ ಎಂಬ ಕಾರಣಕ್ಕೆ ಅವರ ಶ್ರದ್ಧೆ ಕಡಿಮೆ ಎಂದು ಯಾರೂ ದೂರಿದ್ದಿಲ್ಲ.

ಎರಡನೆಯ ಆಕ್ಷೇಪ ಗಟ್ಟಿ. ಅವರನ್ನು ಕಳಿಸುವುದೇ ಯಾಕೆ? ಇವಾನ್ ಇಲಿಚ್ 1968ರಲ್ಲಿ ಮೆಕ್ಸಿಕೊದ ಕ್ವೆರ್ನವಾಕಾದಲ್ಲಿ ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರ ಎದುರಿಗೇ ನಿಂತು, ನಿಮ್ಮ ಸದುದ್ದೇಶ ಇಲ್ಲಿ ಯಾರಿಗೂ ಬೇಡ, ನೋಡಲು ಬನ್ನಿ, ಉದ್ಧಾರ ಮಾಡಲು ಬರಬೇಡಿ ಎಂಬ ಅರ್ಥದಲ್ಲಿ ಬೈದಿದ್ದ. ಯಹೂದಿ ಸಂಸ್ಥೆಗಳೂ ಈ ಪ್ರಶ್ನೆಯನ್ನು ಕೇಳಿಕೊಂಡಿವೆ. 1985ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಅಮೆರಿಕನ್ ಜ್ಯೂಯಿಶ್ ವರ್ಲ್ಡ್ ಸರ್ವಿಸ್ ಹಲವು ವರ್ಷ ಯುವಜನರನ್ನು ಭಾರತವೂ ಸೇರಿದಂತೆ ಬಡ ದೇಶಗಳ ಸಂಸ್ಥೆಗಳಿಗೆ ಕಳಿಸುತ್ತಿತ್ತು. ಆಮೇಲೆ ಆ ಕಾರ್ಯಕ್ರಮಗಳನ್ನು ಕೈಬಿಟ್ಟು, ಆಯಾ ದೇಶದ ಸಂಘಟನೆಗಳಿಗೇ ಹಣ ಕೊಡುವುದಕ್ಕೆ ಗಮನ ಹರಿಸಿತು. ಟಿಕೆಟ್ಟಿನ ದುಡ್ಡಿನಲ್ಲಿ ಊರಿನವರೇ ಒಬ್ಬರಿಗೆ ತಿಂಗಳುಗಟ್ಟಲೆ ಸಂಬಳ ಕೊಡಬಹುದಾದರೆ ಟಿಕೆಟ್ಟು ಯಾಕೆ?

ಈ ಪ್ರಶ್ನೆಗೆ ಮುಂಬೈ ಹತ್ತಿರವೇ ಒಂದು ಉದಾಹರಣೆ ಇದೆ. ಠಾಣೆಗೆ ಅಂಟಿಕೊಂಡ ಕಳವಾದ ಕೊಳೆಗೇರಿಗಳಲ್ಲಿ ‘ಗೇಬ್ರಿಯಲ್ ಪ್ರಾಜೆಕ್ಟ್ ಮುಂಬೈ’ ಎಂಬ ಸಂಸ್ಥೆ 2012ರಿಂದ ಕೆಲಸ ಮಾಡುತ್ತ ಬಂದಿದೆ. ಜೇಕಬ್ ಸ್ಟೋಕ್‌ಮನ್ ಕಟ್ಟಿದ್ದು. ಹೊರದೇಶಗಳ ಯಹೂದಿ ಯುವಜನ ವಾರಗಟ್ಟಲೆ ಬಂದು ಮಕ್ಕಳ ಜೊತೆ ಕಲಿಕೆಯ ಕೆಲಸದಲ್ಲಿ ಕೈ ಜೋಡಿಸುತ್ತಿದ್ದರು. ಜೊತೆಗೆ ಅಲ್ಲಿನ ಹೆಂಗಸರೇ ಸೇರಿ ಶಾಲೆಯ ಮಕ್ಕಳಿಗೆ ಬಿಸಿಯೂಟ ಬೇಯಿಸುವ ಅಡುಗೆಮನೆ ನಡೆಸಿದರು. ‘ಮಸಾಲಾ ಮಾಮಾಸ್’ ಎಂಬ ಹೆಸರಿನಲ್ಲಿ ಅವರ ಅಡುಗೆಯ ಪುಸ್ತಕವೂ ಬಂತು. ಮರಾಠಿಯ ಒಂದಕ್ಷರ ಬಾರದ ಹುಡುಗ ನಾಲ್ಕು ವಾರದಲ್ಲಿ ಕಳವಾದ ಮಗುವಿಗೆ ಏನು ಕಲಿಸಿಯಾನು ಎಂದು ಕೇಳಿದರೆ ಉತ್ತರ ಕಷ್ಟ. ಆ ಅಡುಗೆಮನೆಯಿಂದ ಏನಾಯಿತು ಎಂದು ಕೇಳಿದರೆ ಮಗುವಿನ ಹೊಟ್ಟೆಯೇ ಉತ್ತರ ಹೇಳುತ್ತದೆ.

ಹೀಗೆಂದ ಮಾತ್ರಕ್ಕೆ ಕಳಿಸುವುದನ್ನೇ ನಿಲ್ಲಿಸಿ ಎನ್ನಬೇಕಿಲ್ಲ. ವಾರಗಟ್ಟಲೆ ಬಂದು ಹೋಗುವವರಿಂದಾಗುವ ತೊಂದರೆಗೂ ಹಣದ ವ್ಯವಸ್ಥೆಯೇ ಕಾರಣ ಎಂಬುದನ್ನು ನೋಡಬೇಕು. ಸ್ವಂತ ಖರ್ಚಿನಲ್ಲಿ ಬರುವವರು ನಾಲ್ಕು ವಾರಕ್ಕಿಂತ ಹೆಚ್ಚು ಇರಲಾರರು. ಶುಲ್ಕ ಕಟ್ಟಿ ಬಂದವರು ಗಿರಾಕಿಗಳು, ಅವರಿಗೆ ‘ಅನುಭವ’ ಕೊಡಬೇಕು. ಕಡತ ಜೋಡಿಸುವ, ಲೆಕ್ಕ ಬರೆಯುವ, ಅನುದಾನದ ಪತ್ರ ತಯಾರಿಸುವ ನೀರಸ ಕೆಲಸ ಕೊಟ್ಟರೆ ಗಿರಾಕಿ ಮುನಿಸಿಕೊಳ್ಳುತ್ತಾನೆ. ಸಂಸ್ಥೆಗೆ ನಿಜವಾಗಿ ಬೇಕಾದದ್ದು ಹಲವು ಸಲ ಅದೇ ಕೆಲಸ. ಪೂರ್ತಿ ಖರ್ಚು ಕೊಟ್ಟು ಒಂದು ವರ್ಷಕ್ಕೆ ಕಳಿಸಿದವಳಿಗೆ ಭಾಷೆ ಕಲಿ ಎನ್ನಬಹುದು, ಬೇಸರದ ಕೆಲಸ ಕೊಡಬಹುದು, ಸರಿಹೋಗದಿದ್ದರೆ ವಾಪಸು ಹೋಗು ಎನ್ನಬಹುದು. 1914ರಿಂದ ಯಹೂದಿಗಳ ಸಂಕಷ್ಟಕ್ಕೆ ಒದಗುತ್ತ ಬಂದ ‘ಜಾಯಿಂಟ್’ ಎಂಬ ಪರಿಹಾರ ಸಂಸ್ಥೆ ತನ್ನ ಯುವ ವಿಭಾಗದ ಮೂಲಕ ಇಂಥದ್ದೊಂದು ವರ್ಷದ ಫೆಲೋಶಿಪ್ ನಡೆಸುತ್ತದೆ. ಪ್ರಯಾಣ, ವಸತಿ, ಖರ್ಚಿನ ಹಣ ಸಂಸ್ಥೆಯದೇ. ಮುಂಬೈಗೂ ಆ ಫೆಲೋಗಳು ಬಂದಿದ್ದಾರೆ. ಮಾದರಿ ಕಣ್ಣೆದುರಿಗೇ ಇದೆ, ಜಾಗಗಳು ಮಾತ್ರ ಕೆಲವೇ ಕೆಲವು.

ಮುಂಬೈಯ ಮಾತು ಬಂದಾಗ ಇನ್ನೊಂದು ದಿಕ್ಕನ್ನೂ ನೋಡಬೇಕು. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ಗಾಣ ಆಡಿಸುತ್ತ, ಶನಿವಾರ ಗಾಣ ನಿಲ್ಲಿಸಿ ‘ಶನಿವಾರ ತೇಲಿ’ ಎನಿಸಿಕೊಂಡ ಬೆನೆ ಇಸ್ರೇಲ್ ಯಹೂದಿಗಳಲ್ಲಿ ಬಹುಪಾಲು ಮಂದಿ ಇಸ್ರೇಲಿಗೆ ಹೋಗಿಯಾಗಿದೆ. ದೇಶದಲ್ಲಿ ಉಳಿದ ಯಹೂದಿಗಳು ಎಲ್ಲ ಪಂಗಡ ಸೇರಿ ನಾಲ್ಕೈದು ಸಾವಿರ. ಹೆಚ್ಚಿನವರು ಮುಂಬೈ, ಠಾಣೆಯ ಕಡೆ. ಅವರಲ್ಲೂ ಪದವಿ ಮುಗಿಸಿದ ಮಕ್ಕಳಿದ್ದಾರೆ. ಬರ್ತ್‌ರೈಟ್, ಮಾಸಾ ಅವರಿಗೂ ಸಿಗುತ್ತವೆ. ಆದರೆ ಠಾಣೆಯ ಹುಡುಗನೊಬ್ಬ ಇಥಿಯೋಪಿಯದಲ್ಲೋ ಅರ್ಜೆಂಟೀನದಲ್ಲೋ ಯಹೂದಿ ಸಂಸ್ಥೆಯೊಂದರಲ್ಲಿ ಒಂದು ವರ್ಷ ದುಡಿಯುತ್ತೇನೆ ಎಂದರೆ ಅವನಿಗಾಗಿ ಕಾದಿಟ್ಟ ಹಣ ಕಾಣುವುದಿಲ್ಲ. ಈ ವ್ಯವಸ್ಥೆಯ ಕಣ್ಣಿಗೆ ಅವನು ಇಸ್ರೇಲಿಗೆ ಬರಬೇಕಾದವನು, ಇಲ್ಲವೇ ಅಮೆರಿಕದ ಹುಡುಗಿ ಬಂದು ನೋಡಬೇಕಾದವನು. ಸೇವೆ ಮಾಡಲು ಅವನೂ ಹೊರಡಬಹುದು ಎಂಬ ಯೋಚನೆ ನಿಯಮಗಳಲ್ಲಿ ಇಲ್ಲ.

ದಾನಿಗಳಿಂದ ಕೇಳಬೇಕಾದದ್ದು ಹೊಸ ಹಣವೂ ಅಲ್ಲ. ಹತ್ತು ದಿನದ ಪ್ರವಾಸಗಳಿಗೆ ಹೋಗುವ ಮೊತ್ತದಲ್ಲಿ ಒಂದು ಸಣ್ಣ ಪಾಲನ್ನು ಬೇರೆ ಮಾಡಲಿ. ಅದರಲ್ಲಿ ವರ್ಷವಿಡೀ ದುಡಿಯುವವರಿಗೆ ಪೂರ್ತಿ ಖರ್ಚು ಕೊಡಲಿ, ಸಂಖ್ಯೆ ಕಡಿಮೆಯಾದರೂ ಸರಿ. ಯಾವ ಕೆಲಸ, ಎಷ್ಟು ಜನ, ಯಾವ ಭಾಷೆ ಬರಬೇಕು ಎಂಬುದನ್ನು ಬರಮಾಡಿಕೊಳ್ಳುವ ಸಂಸ್ಥೆ ಹೇಳಲಿ, ಆಯ್ಕೆಯ ಸಮಿತಿಯಲ್ಲಿ ಅವರ ಮತಕ್ಕೆ ತೂಕ ಇರಲಿ. ಎಲ್ಲ ನಿಧಿಗಳಿಗೂ ಒಂದೇ ಅರ್ಜಿ ಸಾಕು. ರಬ್ಬಿಯ ಪತ್ರದ ಬದಲು ಪಾಠ ಹೇಳಿದ ಮೇಷ್ಟ್ರ ಪತ್ರವೋ, ಕೆಲಸ ಕೊಟ್ಟಿದ್ದ ಅಂಗಡಿಯವರ ಪತ್ರವೋ ನಡೆಯಲಿ. ಸಾಲದ ಕಂತನ್ನು ಆ ಒಂದು ವರ್ಷ ನಿಧಿಯೇ ಕಟ್ಟಲಿ. ಬಡ್ಡಿಯಿಲ್ಲದ ಸಾಲದ ಸಂಘಗಳಿಗೆ ಜಾಮೀನನ್ನೂ ಅದೇ ನಿಲ್ಲಲಿ. ಉತ್ತರವನ್ನು ಸಮಯಕ್ಕೆ ಕೊಡಲಿ. ಓಹಾಯೊದ ಹುಡುಗಿಗೆ ಆಗಸ್ಟಿನೊಳಗೆ ಹೌದೋ ಅಲ್ಲವೋ ತಿಳಿಯಬೇಕು. ನವೆಂಬರಿನ ಕಂತಿಗೆ ಆಮೇಲೆ ಉಳಿಯುವುದು ಮೂರೇ ತಿಂಗಳು, ಕಾಫಿ ಅಂಗಡಿಯವರು ಕೆಲಸಕ್ಕೆ ಬರುತ್ತೀಯಾ ಎಂದು ಈಗಾಗಲೇ ಎರಡು ಸಲ ಕೇಳಿಯಾಗಿದೆ.